ಹದಿನಾಲ್ಕನೆಯ ಕಲಂ

ನೀರು ಸರಬರಾಜು ಕಚೇರಿಯ ಮೂರನೇ ಕೌಂಟರಿನಲ್ಲಿ ಕೂರುವ ಹೆಂಗಸಿಗೆ ಜನ ಇಟ್ಟ ಹೆಸರು ವಾಪಸ್ ಮೇಡಂ. ಹೊಸ ನಲ್ಲಿ ಬೇಕೆಂದು ಅರ್ಜಿ ಹಿಡಿದು ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಅದೇ ಅರ್ಜಿ ಹಿಡಿದು ಮನೆಗೆ ಹೋಗುತ್ತಿದ್ದರು. ಒಂದು ಕಲಂ ಖಾಲಿ ಬಿಟ್ಟಿರೋ, ವಾಪಸ್. ಸಹಿ ಗೆರೆಯಿಂದಾಚೆ ಹೋಯಿತೋ, ವಾಪಸ್. "ಯಮ ಬಂದ್ರೂ ಈಯಮ್ಮ ಎರಡು ಪ್ರತಿ ತಗೊಂಡ್ ಬಾ ಅಂತಾಳೆ" ಎಂದು ಪಕ್ಕದ ಕೌಂಟರಿನ ಗುಮಾಸ್ತ ನಗಾಡುತ್ತಿದ್ದ. ಅವಳಿಗೂ ಕೇಳಿಸುತ್ತಿತ್ತು. ಕೇಳಿಸಿದರೆ ಕೇಳಿಸಲಿ ಎಂದು ಸೀಲು ಒತ್ತುತ್ತಿದ್ದಳು.

ಅವಳದು ಕೊಬ್ಬಲ್ಲ. ಕೆಲಸಕ್ಕೆ ಸೇರಿದ ವರ್ಷ ಒಬ್ಬ ಮನೆಯ ಯಜಮಾನ 'ಜಾಗದ ಕೆಳಗೆ ಹಳೆಯ ಪೈಪು ಇದೆಯೇ' ಅನ್ನುವ ಕಲಮಿನಲ್ಲಿ 'ಇಲ್ಲ' ಎಂದು ಬರೆದಿದ್ದ. ಇತ್ತು. ಅಗೆಯುವವರು ನಂಬಿ ಹಾರೆ ಹಾಕಿದರು, ಇಡೀ ಬೀದಿಗೆ ಹನ್ನೊಂದು ದಿನ ನೀರಿಲ್ಲ. ಅರ್ಜಿ ಪಾಸು ಮಾಡಿದವಳು ಇವಳೇ. ಅವತ್ತಿನಿಂದ ಅವಳಿಗೆ 'ಇಲ್ಲ' ಅನ್ನುವ ಎರಡಕ್ಷರ ಕಂಡರೆ ಮೈಯೆಲ್ಲ ಕಣ್ಣು. ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಇಲ್ವಾ? ನೋಡಿ ಬರ್ದಿದ್ದೀರಾ, ಸುಮ್ನೆ ಬರ್ದಿದ್ದೀರಾ?" ಎಂದು ಕೇಳುತ್ತಿದ್ದಳು.

ಇಂಥವಳು ಜೀವಮಾನದಲ್ಲಿ ಒಂದೇ ಒಂದು ಫಾರಂ ಸುಳ್ಳು ತುಂಬಿದಳು. ಅದು ಹೆತ್ತ ಮಗಳದ್ದು.

ಮಗಳಿಗೆ ಹತ್ತು ವರ್ಷ. ನಾಲ್ಕನೇ ತರಗತಿಯಲ್ಲಿ ಬೋರ್ಡಿನ ಮುಂದೆ ಲೆಕ್ಕ ಮಾಡುತ್ತಿದ್ದವಳು ಸೀಮೆಸುಣ್ಣ ಹಿಡಿದ ಕೈ ಹಿಡಿದಂತೆಯೇ ಬಿದ್ದಿದ್ದಳು. ಎರಡನೇ ಸಲ ಅಮ್ಮ ಜಡೆ ಹಾಕುತ್ತಿದ್ದಾಗಲೇ. ಮೂರ್ಛೆರೋಗ ಅಂದರು ಡಾಕ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು ಬಿಳಿ ಮಾತ್ರೆ. "ಒಂದು ಹೊತ್ತೂ ತಪ್ಪಿಸಬಾರದು. ಆಟ, ಓಟ, ಈಜು ಯಾವುದೂ ಬೇಡ ಅನ್ನಲ್ಲ. ನೀರಿಗಿಳಿದರೆ ಮಾತ್ರ ಕೈಗೆಟುಕುವ ಹಾಗೆ ಒಬ್ಬರು ಇರಲೇಬೇಕು" ಅಂದಿದ್ದರು. ಮಾತ್ರೆ ಹಿಡಿದಮೇಲೆ ಒಂಬತ್ತು ತಿಂಗಳು ಏನೂ ಆಗಿರಲಿಲ್ಲ.

ಆದರೆ ಸುದ್ದಿ ಹಬ್ಬಿಬಿಟ್ಟಿತ್ತು. ಶಾಲೆಯ ಪ್ರವಾಸದ ಚೀಟಿಯಲ್ಲಿ ಅಮ್ಮ ಇದ್ದದ್ದನ್ನು ಇದ್ದ ಹಾಗೆ ಬರೆದಳು, ಹೆಡ್‌ಮಾಸ್ಟರು "ಜವಾಬ್ದಾರಿ ಯಾರದು ಹೇಳಿ" ಅಂದರು. ನೃತ್ಯದ ಕ್ಲಾಸಿನಲ್ಲಿ ಹೇಳಿದಳು, ಸೀಟು ಭರ್ತಿಯಾಗಿದೆ ಅಂದರು. ಪ್ರವಾಸದ ಬಸ್ಸು ಹೊರಟ ದಿನ ಮಗಳು ಗೇಟಿನ ಬಳಿ ನೀರಿನ ಬಾಟಲಿ ಕೊರಳಿಗೆ ಹಾಕಿಕೊಂಡೇ ನಿಂತಿದ್ದಳು. ಹೋಗುವುದಿಲ್ಲ ಎಂದು ಗೊತ್ತಿದ್ದೂ ಹಾಕಿಕೊಂಡಿದ್ದಳು. ಅಮ್ಮ ಅದನ್ನು ನೋಡಿದಳು. ನಿಜ ಹೇಳಿ ಸಾಕಾಯಿತು ಎಂದು ಅವತ್ತೇ ತೀರ್ಮಾನಿಸಿದಳು.

ಬೇಸಿಗೆ ಶಿಬಿರದ ಫಾರಂ ಬಂದಾಗ ಗಂಡ ಬೇಕರಿಯಿಂದ ಆಗತಾನೇ ಬಂದು ಕೂತಿದ್ದ. ಹುಬ್ಬಿನಲ್ಲಿ ಇನ್ನೂ ಮೈದಾಹಿಟ್ಟು. ಹತ್ತು ದಿನ, ಕೆರೆಯ ದಡದಲ್ಲಿ, ನಲವತ್ತು ಮಕ್ಕಳು. ಹದಿನಾಲ್ಕನೆಯ ಕಲಂ ಹೀಗಿತ್ತು: ಮಗುವಿಗೆ ಕಾಯಿಲೆ, ಮೂರ್ಛೆ, ಅಲರ್ಜಿ ಇದೆಯೇ? ಯಾವ ಔಷಧಿ ಕೊಡುತ್ತಿದ್ದೀರಿ?

"ಬರ್ದುಬಿಡು ಕಣೇ" ಎಂದ ಗಂಡ. "ಅಲ್ಲಿ ನರ್ಸ್ ಇರ್ತಾರಂತೆ."

"ಬರ್ದು? ಮತ್ತೆ ಗೇಟಲ್ಲಿ ನಿಲ್ಲಿಸ್ಲಾ ಅವಳನ್ನ?"

"ಅಲ್ಲ, ನೀನೇ ಹೀಗಂದ್ರೆ..."

"ಮಾತ್ರೆ ತಪ್ಪದೆ ತಗೊಂಡ್ರೆ ಏನೂ ಆಗಲ್ಲ. ಒಂಬತ್ತು ತಿಂಗಳಾಯ್ತಲ್ಲ. ನೀವು ಸುಮ್ನಿರಿ."

ಅವನು ಹುಬ್ಬಿನ ಹಿಟ್ಟು ಒರೆಸಿಕೊಂಡು ಒಳಗೆ ಹೋದ. ಹದಿನೇಳು ವರ್ಷ ಅಂದವಾದ ಅಕ್ಷರದಲ್ಲಿ ಬೇರೆಯವರ ತಪ್ಪು ತಿದ್ದಿದ ಕೈ, ಅಷ್ಟೇ ಅಂದವಾಗಿ 'ಇಲ್ಲ' ಎಂದು ಬರೆಯಿತು.

ಆಮೇಲೆ ಖಾಲಿಯಾಗಿದ್ದ ಒಂದು ವಿಟಮಿನ್ ಡಬ್ಬಿ ತೊಳೆದು ಒರೆಸಿ, ಇಪ್ಪತ್ತು ಬಿಳಿ ಮಾತ್ರೆ ಎಣಿಸಿ ಹಾಕಿದಳು. ಮಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಯಾರಾದ್ರೂ ಇದೇನು ಅಂತ ಕೇಳಿದ್ರೆ?"

"ವಿಟಮಿನ್."

"ಬೇರೆ ಏನಾದ್ರೂ ಕಾಯಿಲೆ ಇದ್ಯಾ ಅಂತ ಕೇಳಿದ್ರೆ?"

"ಇಲ್ಲ."

"ಏನೇ ಆದ್ರೂ ಹೇಳ್ಬಾರ್ದು. ಹೇಳಿದ್ರೆ ವಾಪಸ್ ಕಳಿಸಿಬಿಡ್ತಾರೆ. ನನ್ನಾಣೆ."

ಮಗಳು ಅಮ್ಮನ ತಲೆ ಮುಟ್ಟಿ ಆಣೆ ಮಾಡಿದಳು. ಪಾಪದ ಹುಡುಗಿ, ಅಮ್ಮ ಹೇಳಿದ್ದನ್ನು ಒಂದಿಷ್ಟೂ ಮೀರದವಳು. ಮುಂದೆ ಕಂಟಕವಾದದ್ದು ಅದೇ.

ಬಸ್ಸು ಹೊರಟ ಬೆಳಿಗ್ಗೆ ಶಿಬಿರದ ನರ್ಸ್ ಬಾಗಿಲ ಬಳಿಯೇ ನಿಂತಿದ್ದರು. ಗಿಡ್ಡ, ನರೆತ ತಲೆ, ಕೊರಳಲ್ಲಿ ಸೀಟಿ. ಒಬ್ಬ ತಾಯಿ ಅವರ ಕೈಗೆ ಮಗನ ಉಬ್ಬಸದ ಔಷಧಿ ಕೊಟ್ಟು ಹತ್ತು ನಿಮಿಷ ವಿವರಿಸಿದಳು. ವಾಪಸ್ ಮೇಡಂ ದೂರದಿಂದ ನೋಡಿ, ಅಯ್ಯೋ ಪೆದ್ದಿ, ಇನ್ನು ಆ ಮಗುವನ್ನ ಮೂಲೇಲಿ ಕೂರಿಸ್ತಾರೆ ಅಂದುಕೊಂಡಳು. ಮಗಳು ಕಿಟಕಿಯಿಂದ ಕೈ ಬೀಸಿದಳು. ಅಷ್ಟು ಅಗಲ ನಗುವನ್ನು ಅಮ್ಮ ಒಂದು ವರ್ಷದಿಂದ ನೋಡಿರಲಿಲ್ಲ. ಕಣ್ಣು ತುಂಬಿ ಬಂತು, ಮಾಡಿದ್ದು ಸರಿಯೇ ಅನ್ನಿಸಿತು.

ಮೂರನೇ ದಿನ, ಬೆಳಿಗ್ಗೆ ಹತ್ತೂಕಾಲು. ಕಿಂಡಿಯಾಚೆ ಒಬ್ಬ ಅಜ್ಜ ನಿಂತಿದ್ದರು. ಅರ್ಜಿಯ ಮುಂಭಾಗ ಪೂರ್ತಿ ತುಂಬಿತ್ತು, ಹಿಂಭಾಗ ಖಾಲಿ.

"ಹಿಂದಿನ ಪುಟ ಓದಿದ್ರಾ ಅಜ್ಜ?"

"ಹಿಂದೆ ಬೇರೆ ಇದ್ಯಾ? ಅದನ್ನ ಯಾರಮ್ಮಾ ಓದ್ತಾರೆ?"

"ಅಲ್ಲೇ ಇರೋದು ಎಲ್ಲಾ" ಎಂದು ಅರ್ಜಿ ತಿರುಗಿಸಿದ ಅವಳ ಕೈ ಅರ್ಧದಲ್ಲೇ ನಿಂತಿತು. ಶಿಬಿರದ ಫಾರಮಿಗೂ ಹಿಂದಿನ ಪುಟ ಇತ್ತು. ಸುಳ್ಳು ಬರೆದವರಿಗೆ ಕಾಗದದ ಮುಖ ನೋಡಲು ಮನಸ್ಸಾಗುವುದಿಲ್ಲ. ಅವಳು ಬರೆದದ್ದೇ ಮಡಚಿ ಕೊಟ್ಟುಬಿಟ್ಟಿದ್ದಳು. ಕಚೇರಿಯ ಅಭ್ಯಾಸದಂತೆ ತೆಗೆಸಿಟ್ಟಿದ್ದ ನಕಲು ಚೀಲದಲ್ಲೇ ಇತ್ತು. ತೆಗೆದು ತಿರುಗಿಸಿದಳು.

ಒಂಬತ್ತನೆಯ ನಿಯಮ: ಹದಿನಾಲ್ಕನೆಯ ಕಲಮಿನಲ್ಲಿ ನಮೂದಿಸದ ಮಾತ್ರೆ, ಟಾನಿಕ್, ವಿಟಮಿನ್‌ಗಳನ್ನು ಮೊದಲ ದಿನ ಚೀಲದಿಂದ ತೆಗೆದು ನರ್ಸ್ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಡಲಾಗುವುದು. ಕೊನೆಯ ದಿನ ಮರಳಿಸಲಾಗುವುದು.

ಅವಳು ಬೆರಳು ಮಡಚಿ ಎಣಿಸಿದಳು. ಮೊದಲ ದಿನ ಸಂಜೆ, ನಿನ್ನೆ ಬೆಳಿಗ್ಗೆ, ನಿನ್ನೆ ಸಂಜೆ, ಇವತ್ತು ಬೆಳಿಗ್ಗೆ. ನಾಲ್ಕು ಹೊತ್ತು. ಮಗಳು ಕೇಳಿರುವುದಿಲ್ಲ. ಅತ್ತಿರಲೂ ಇಲ್ಲ. ಆಣೆ ಮಾಡಿದ್ದಾಳಲ್ಲ. ಅದರ ಕೆಳಗೇ ದಿನಚರಿ ಅಚ್ಚಾಗಿತ್ತು. ಮೂರನೇ ದಿನ, ಹನ್ನೊಂದು ಗಂಟೆಯಿಂದ: ತಂಡ ತಂಡವಾಗಿ ಕೆರೆಗೆ ಇಳಿಯುವುದು.

"ಏನಾಯ್ತಮ್ಮಾ?" ಎಂದರು ಅಜ್ಜ.

ಅವಳು ಹದಿನೇಳು ವರ್ಷದಲ್ಲಿ ಮೊದಲ ಸಲ ಕಚೇರಿಯ ಹೊತ್ತಿನಲ್ಲಿ 'ಮುಚ್ಚಿದೆ' ಬೋರ್ಡು ಇಟ್ಟು ಎದ್ದಳು. ಸಾಲಿನಲ್ಲಿದ್ದವರು ಗೊಣಗಿದರು. ಕಡತದ ಕೋಣೆಗೆ ಹೋಗಿ ಶಿಬಿರಕ್ಕೆ ಫೋನು ಮಾಡಿದಳು. ಎಂಗೇಜ್. ಮತ್ತೆ ಮಾಡಿದಳು, ಎಂಗೇಜ್. ಯಾವಳೋ ತಾಯಿ, ಮಗು ಸರಿಯಾಗಿ ಊಟ ಮಾಡಿತಾ ಎಂದು ಕೇಳುತ್ತಿರಬೇಕು. ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ದಾಟಿತು. ಅವಳು ಮತ್ತೆ ಅದೇ ಅಂಕಿ ಒತ್ತಿದಳು. ದೇವರೇ, ಅವಳಿಗೆ ಜ್ವರ ಬರಿಸು, ಕಾಲು ಉಳುಕಿಸು, ಏನಾದರೂ ಮಾಡಿ ದಡದಲ್ಲಿ ಕೂರಿಸು ಎಂದು ಬೇಡಿಕೊಂಡಳು. ಹೆತ್ತವಳು ಬೇಡುವ ವರವೇ ಅದು?

ಹನ್ನೊಂದಕ್ಕೆ ಮೂರು ನಿಮಿಷವಿದ್ದಾಗ ನರ್ಸ್ ಎತ್ತಿದರು. ಅವಳು ಮಗಳ ಹೆಸರು ಹೇಳಿದಳು.

"ಸಿಸ್ಟರ್, ನನ್ನ ಮಗಳು... ಆ ವಿಟಮಿನ್ ಡಬ್ಬಿ..."

"ಹೂಂ, ಭದ್ರವಾಗಿದೆ. ನಿಯಮ ಓದಿಲ್ವಾ ಮೇಡಂ? ಕೊನೇ ದಿನ ಕೊಡ್ತೀವಿ."

"ಅದು ವಿಟಮಿನ್ ಅಲ್ಲ. ಮೂರ್ಛೆ ಮಾತ್ರೆ."

ನರ್ಸ್ ಬೈಯಲಿಲ್ಲ, ಪ್ರಶ್ನೆ ಕೇಳಲಿಲ್ಲ. ಫೋನು ಮೇಜಿನ ಮೇಲೆ ಟಪ್ಪನೆ ಬಿದ್ದ ಸದ್ದು, ಚಪ್ಪಲಿಯ ಓಟ. ದೂರದಲ್ಲಿ ಮಕ್ಕಳ ಕೇಕೆ, ನೀರು ಚಿಮ್ಮುವ ಸದ್ದು. ಇಳಿದುಬಿಟ್ಟಿದ್ದಾರೆ, ಹೊತ್ತಿಗೆ ಮೊದಲೇ ಇಳಿದುಬಿಟ್ಟಿದ್ದಾರೆ. ಒಂದು ಉದ್ದನೆಯ ಸೀಟಿ. ಕೇಕೆಯೆಲ್ಲ ಒಮ್ಮೆಗೇ ನಿಂತುಹೋಯಿತು. ಅವಳು ಕಡತದ ಕಪಾಟಿನ ಹಿಡಿ ಹಿಡಿದು ನಿಂತಿದ್ದಳು. ಅಷ್ಟು ಮಕ್ಕಳ ಮೌನ ಅಷ್ಟು ದೂರದಿಂದಲೂ ಕಿವಿಗೆ ಬಡಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ನರ್ಸ್ ಏದುಸಿರಿನಲ್ಲಿ ಬಂದರು. "ಸಿಕ್ಕಿದ್ಲು. ಮೊಣಕಾಲವರೆಗೆ ಇಳಿದಿದ್ಲು ಅಷ್ಟೇ. ಮಾತ್ರೆ ಹೆಸರು ಹೇಳಿ, ಡಾಕ್ಟರ್ ನಂಬರ್ ಹೇಳಿ, ಹೊರಟು ಬನ್ನಿ."

ಗಂಡ ಬೇಕರಿಯ ವ್ಯಾನು ತಂದ. ಎರಡು ಗಂಟೆಯ ದಾರಿಯಲ್ಲಿ ಅವನು 'ಹೇಳಿರಲಿಲ್ವಾ' ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ನರ್ಸ್ ಕೋಣೆಯಲ್ಲಿ ಮಗಳು ಕಬ್ಬಿಣದ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಳು. ಅಮ್ಮ ಮೊದಲು ಮುಟ್ಟಿದ್ದು ಅವಳ ಕೂದಲು. ನೆನೆದಿರಲಿಲ್ಲ. ಆಮೇಲೆ ಕಂಡದ್ದು ತುಟಿ. ಹಲ್ಲು ಕಚ್ಚಿ ಊದಿತ್ತು.

"ಹನ್ನೊಂದೂವರೆಗೆ ಬಂತು" ಎಂದರು ನರ್ಸ್. "ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಕೊಟ್ಟಿದ್ದೆ, ಆದ್ರೆ ನುಂಗಿದ ಗಳಿಗೇಲೇ ಕೆಲಸ ಮಾಡಲ್ವಲ್ಲ. ಎರಡು ನಿಮಿಷ ಇತ್ತು. ಇದೇ ಮಂಚದ ಮೇಲೆ. ಹನ್ನೆರಡೂವರೆವರೆಗೆ ಇವರ ತಂಡ ನೀರಲ್ಲಿರ್ಬೇಕಿತ್ತು."

ಅಮ್ಮ ಮಂಚದ ಅಂಚಿಗೆ ಕೂತು ಮಗಳ ಮೇಲೆ ಹೊದಿಕೆ ಎಳೆದಳು.

"ಡಬ್ಬಿ ಬೀಗ ಹಾಕಿ ಇಟ್ಟಿದ್ದು ನಾನೇ" ಎಂದರು ನರ್ಸ್, ಅವಳ ಮುಖ ನೋಡದೆ. "ಮುಚ್ಚಳ ತೆಗೆದು ಒಂದ್ಸಲ ನೋಡಿದ್ರೆ ಸಾಕಿತ್ತು. ನೀವು ಬರ್ದಿದ್ದನ್ನ ನಂಬಿಬಿಟ್ಟೆ."

ಕಿಟಕಿಯಾಚೆ ಮಧ್ಯಾಹ್ನದ ತಂಡ ಕೆರೆಗೆ ಇಳಿದಿತ್ತು. ಬಹಳ ಮಕ್ಕಳಿಗೆ ನೀಲಿ ಟೋಪಿ. ಮೂವರಿಗೆ ಮಾತ್ರ ಕೆಂಪು, ಅವರ ಒಬ್ಬೊಬ್ಬರ ಪಕ್ಕದಲ್ಲೂ ಕೈಗೆಟುಕುವ ಹಾಗೆ ಒಬ್ಬೊಬ್ಬ ಶಿಕ್ಷಕಿ. ಒಂದು ಕೆಂಪು ಟೋಪಿ ಮುಳುಗಿ ಎದ್ದು ಗಹಗಹಿಸಿ ನಗುತ್ತಿತ್ತು.

"ಕೆಂಪು ಯಾರಿಗೆ?" ಎಂದು ಅವಳು ಕೇಳಿದಳು. ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು.

"ಹದಿನಾಲ್ಕನೇ ಕಲಂ ತುಂಬಿದವರಿಗೆ. ಒಬ್ಬನಿಗೆ ಉಬ್ಬಸ. ಆ ನಗ್ತಿರೋ ಹುಡುಗಿಗೆ ನಿಮ್ಮ ಮಗಳಿಗಿರೋದೇ."

ಮಂಚದ ಮೇಲೆ ಮಗಳು ಕಣ್ಣು ಬಿಟ್ಟಿದ್ದಳು. ಅವಳ ಮುಷ್ಟಿಯಲ್ಲಿ ನೆನೆಯದ ನೀಲಿ ಟೋಪಿ ಮುದುಡಿಕೊಂಡಿತ್ತು. ಮಂಪರಿನಲ್ಲಿ ಅವಳು ಹೇಳಿದ ಮೊದಲ ಮಾತು, "ನಾನು ಯಾರಿಗೂ ಹೇಳಿಲ್ಲ ಅಮ್ಮಾ."

"ಗೊತ್ತು ಕಂದಾ."

ಮಗಳು ಕಿಟಕಿಯ ಕಡೆ ತಿರುಗಿ ಕೆರೆಯಲ್ಲಿದ್ದವರನ್ನು ನೋಡಿದಳು. ಊದಿದ ತುಟಿಯಿಂದ ಮಾತು ನಿಧಾನವಾಗಿ ಬಂತು.

"ಹೇಳಿದ್ರೆ ಕೆಂಪು ಟೋಪಿ ಕೊಡ್ತಿದ್ರಾ?"

ಅಮ್ಮ ಹೂಂ ಎಂದು ತಲೆಯಾಡಿಸಿದಳು.