ಗೋಡೆಗೇರಿದ ಡಾಕ್ಟರ್ ಚಾಕು

ಎಂಟು ವರ್ಷದ ಹಿಂದೆ, ನನಗಾಗ ಎಪ್ಪತ್ತೊಂದು. ಪರದೇಶದ ಕೆನ್ಮೋರ್ ಊರಿನ ಮಗಳ ಮನೆಯಲ್ಲಿ ಅಳಿಯ ನನ್ನನ್ನು ಕೇಳದೆ ನಮ್ಮ ಯಜಮಾನರ ಮಡಚುವ ಚಾಕುವನ್ನು ಗಾಜಿನ ಚೌಕಟ್ಟಿನೊಳಗೆ ಅಂಟಿಸಿ, ಗೋಡೆಗೆ ನೇತುಹಾಕಿ, ನೆಂಟರಿಗೆ ತೋರಿಸುತ್ತಿದ್ದ.

ಅದು ಹಳೇ ಕಾಲದ ಡಾಕ್ಟರುಗಳ ಚಾಕು. ಒಂದು ಅಲಗು, ಪುಡಿ ಕಲಸಲು ಚಪ್ಪಟೆ ಪಟ್ಟಿ, ಗುಳಿಗೆ ಅರೆಯಲು ಮಟ್ಟಸವಾದ ಬುಡ. ಯಜಮಾನರು ಕಾಂಪೌಂಡರ್ ಆಗಿದ್ದಾಗ ಅವರ ಡಾಕ್ಟರು ಕೊಟ್ಟದ್ದು. ಲಕ್ವ ಹೊಡೆದ ಮೇಲೆ ಇಡೀ ಗುಳಿಗೆ ಅವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಗೆ ಬಂದ ಮೇಲೂ ದಿನಾ ಅದರಲ್ಲೇ ಅರೆದು, ಜೇನಿನಲ್ಲಿ ಕಲಸಿ ಕೊಡುತ್ತಿದ್ದೆ.

"ಆಂಟಿಕ್ ಅತ್ತೆ! ಯೂಸ್ ಮಾಡಿದ್ರೆ ವ್ಯಾಲ್ಯೂ ಹೋಗುತ್ತೆ" ಎಂದ.

"ನಿಮ್ಮಾವನ ಗುಳಿಗೇನ ನಿನ್ನ ತಲೆ ಮೇಲೆ ಕುಟ್ಲಾ?" ಎಂದೆ. ನೆಂಟರು ನಕ್ಕರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅವನೆದುರೇ ಚೌಕಟ್ಟಿನ ಬೆನ್ನು ಕಿತ್ತು ಚಾಕು ಬಿಡಿಸಿದೆ. ಬಿಸಿನೀರಿನಲ್ಲಿ ಅಂಟು ತಿಕ್ಕಿ ತೆಗೆದು ಯಜಮಾನರ ಗುಳಿಗೆ ಅರೆದೆ. ಖಾಲಿ ಚೌಕಟ್ಟನ್ನು ಅದೇ ಮೊಳೆಗೆ ನೇತುಹಾಕಿದೆ.