ಮಾಲ್‌ಸುನಳ ಗಾಣದ ಮುಂದಿನ ಮಂಚ

ಯೆಚೋನ್ ಪೇಟೆಯಲ್ಲಿ ಇವತ್ತಿಗೂ ಎಳ್ಳೆಣ್ಣೆ ಎಂದರೆ ಮಾಲ್‌ಸುನಳ ಗಾಣ. ಎಪ್ಪತ್ತೈದು ದಾಟಿದ ಮಾಲ್‌ಸುನ್ ಈಗ ಅಂಗಡಿ ಮುಂದಿನ ಮರದ ಮಂಚ ಬಿಟ್ಟು ಏಳುವುದು ಕಡಿಮೆ. ಒಂದು ಕಾಲಕ್ಕೆ ಅಲ್ಲಿ ಜಾಗ ಹಿಡಿಯಲು ಹೆಂಗಸರು ಮೊಣಕೈಯಲ್ಲಿ ತಿವಿದಾಡುತ್ತಿದ್ದರು. ಈಗ ಅರ್ಧ ಮಂಚ ಖಾಲಿ. ಆ ಮಂಚ ಬೀದಿಗೆ ಬಂದ ವರ್ಷದ ಕಥೆಯನ್ನು ಮಾತ್ರ ಯಾರು ಕೇಳಲಿ ಬಿಡಲಿ, ಅವಳು ಹೇಳಿಯೇ ಹೇಳುತ್ತಾಳೆ.

ಆಗ ಅವಳಿಗೆ ಮೂವತ್ತೊಂದು. ಗಂಡ ಗಣಿಯಲ್ಲಿ ಕಾಲು ಮುರಿದುಕೊಂಡು ಮನೆ ಸೇರಿದ್ದ. ಮದುವೆಯಲ್ಲಿ ಬಂದಿದ್ದ ಹೊಲಿಗೆ ಯಂತ್ರ ಮಾರಿ ಒಂದು ಹಳೆಯ ಗಾಣ ಕೊಂಡಳು. ಅತ್ತೆ ಸೊಪ್ಪು ಹಾಕಲಿಲ್ಲ.

"ಚುಸೋಕ್ ಹಬ್ಬದ ತನಕ ನೋಡ್ತೀನಿ. ಅಷ್ಟರಲ್ಲಿ ಗಿರಾಕಿ ಬರ್ಲಿಲ್ಲ ಅಂದ್ರೆ ಇದನ್ನ ಗುಜರಿಗೆ ಹಾಕಿ ಹೊಲಕ್ಕೆ ಬಾ."

ಹಾಗೆಂದ ಅತ್ತೆಯ ಎಳ್ಳೇ ಇಪ್ಪತ್ತು ವರ್ಷಗಳಿಂದ ಪೇಟೆಯ ಆ ತುದಿಯ ಚ್ವೆ ಮುದುಕನ ಗಾಣಕ್ಕೆ ಹೋಗುತ್ತಿತ್ತು.

ಮೈದುನ ದೊಕ್‌ಹೋ ಸೋಲ್ ನಗರದಲ್ಲಿ ಸೋಪು ಮಾರಿ ಪಳಗಿದವನು. ರಜೆಗೆ ಬಂದವನೇ ಕಾಗದ ಹರವಿಕೊಂಡು ವ್ಯಾಪಾರದ ಯೋಜನೆ ಬರೆದ. "ಅತ್ತಿಗೆ, ಜನಕ್ಕೆ ಏನಿಲ್ಲ ಹೇಳಿ? ಪುರುಸೊತ್ತು. ಅದನ್ನ ನಾವು ಕೊಡೋಣ." ಕೆಂಪು ಅಕ್ಷರದ ಬೋರ್ಡು ಎದ್ದಿತು: ಎಳ್ಳು ಬಿಟ್ಟು ಹೋಗಿ, ಸಂತೆ ಮುಗಿಸಿ ಬಂದು ಎಣ್ಣೆ ಒಯ್ಯಿರಿ.

ಐದು ದಿನಕ್ಕೊಮ್ಮೆ ಸಂತೆ. ಮೂರು ಸಂತೆ ಕಳೆದರೂ ಒಂದು ಚೀಲ ಇಳಿಯಲಿಲ್ಲ. ಹಬ್ಬಕ್ಕೆ ಎರಡೇ ವಾರ ಉಳಿದಿತ್ತು. ಕೊನೆಗೆ ತಲೆಯ ಮೇಲೆ ಎಳ್ಳು ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳನ್ನು ಮಾಲ್‌ಸುನ್ ತಡೆದು ಕೇಳಿಯೇಬಿಟ್ಟಳು.

"ಬೋರ್ಡು ಓದಿದ್ರಾ ಅಜ್ಜಿ?"

"ಓದಿದೆ ಕಣವ್ವಾ. ಬಿಟ್ಟು ಹೋಗು ಅಂದ್ರೆ ಗಂಡನ್ನ ಬೇಕಾದ್ರೆ ಬಿಟ್ಟು ಹೋಗ್ತೀನಿ, ಎಳ್ಳು ಬಿಡಲ್ಲ. ನಾನು ಆ ಕಡೆ ಹೋದಾಗ ನೀನು ಯಾವ ಮುಗ್ಗಲು ಎಳ್ಳು ಸುರೀತೀಯೋ ಯಾರಿಗ್ಗೊತ್ತು?"

ಮಾಲ್‌ಸುನ್ ನಾಚಿದಳು. ಅವಳ ತಾಯಿಯೂ ಗಾಣದ ಮುಂದೆ ಕುಕ್ಕರಗಾಲಲ್ಲಿ ಕೂತು, ಎಳ್ಳು ಹುರಿಯುವುದರಿಂದ ಹಿಡಿದು ಸೀಸೆಗೆ ಬಿರಡೆ ಬೀಳುವವರೆಗೆ ಕಣ್ಣು ಕೀಳುತ್ತಿರಲಿಲ್ಲ. ಅದು ಗೊತ್ತಿದ್ದೂ ತಾನು ಮೈದುನನ ಮಾತಿಗೆ ತಲೆಯಾಡಿಸಿದ್ದಳು.

ಅಂದೇ ಬೋರ್ಡು ಇಳಿಯಿತು. ಒಳಗಿದ್ದ ಗಾಣವನ್ನು ನಾಲ್ಕು ಜನ ಸೇರಿ ಬೀದಿ ಬಾಗಿಲಿಗೆ ಎಳೆದರು. ಮನೆಯಂಗಳದ ಮಂಚ ಅದರೆದುರು ಬಂತು, ಮಂಚದ ಮೇಲೆ ಬಾರ್ಲಿ ಚಹದ ಕೆಟಲ್ ಬಂತು. ದೊಕ್‌ಹೋ ಮುಖ ಊದಿಸಿಕೊಂಡ. "ಪುರುಸೊತ್ತು ಕೊಡೋಣ ಅಂದ್ರೆ ನೀವು ಅವರನ್ನ ಕಟ್ಟಿ ಕೂರಿಸ್ತಿದ್ದೀರಿ."

"ಕೂತ್ಕೊಳ್ಳೋಕೇ ಬರೋದು ಮಾರಾಯ," ಎಂದಳು ಅವಳು.

ಮುಂದಿನ ಸಂತೆಗೆ ಐವರು ಬಂದರು, ಅದರ ಮುಂದಿನದಕ್ಕೆ ಮಂಚ ಸಾಲಲಿಲ್ಲ. ಎಣ್ಣೆ ಇಳಿಯುವ ಹೊತ್ತಿಗೆ ಎರಡು ಊರಿನ ಸೊಸೆಯರ ಜಾತಕ ಜಾಲಾಡಿ ಮುಗಿದಿರುತ್ತಿತ್ತು. ಎಂಥ ಚಂದದ ದಿನಗಳವು.

ಹಬ್ಬದ ಹಿಂದಿನ ದಿನ ಅತ್ತೆ ಬಂದಳು. ಗಾಣದ ಗತಿ ಇತ್ಯರ್ಥವಾಗುವ ದಿನ. ಅತ್ತೆ ತಲೆಯಿಂದ ಎಳ್ಳಿನ ಚೀಲ ಇಳಿಸಿ, ಇಬ್ಬರನ್ನು ಸರಿಸಿ, ಗಾಣಕ್ಕೆ ಎದುರಾಗಿ ಕೂತಳು. ಸೊಸೆಯ ಕೈ ಎತ್ತ ಹೋದರೆ ಅವಳ ಕಣ್ಣೂ ಅತ್ತ.

ಪಕ್ಕದವಳು ಕಿಚಾಯಿಸಿದಳು. "ಏನಕ್ಕಾ, ಸ್ವಂತ ಸೊಸೆ ಮೇಲೂ ಅನುಮಾನನಾ?"

"ಸೊಸೆ ಮೇಲೆ ಯಾಕೆ ಅನುಮಾನ? ಗಾಣದೋಳ ಮೇಲೆ," ಎಂದಳು ಅತ್ತೆ, ಕಣ್ಣು ಕೀಳದೆ.