ಕುಂಕುಮ ಒರೆಸಿದ ಮೇಲೂ

ಮೊನ್ನೆ ಟಾರ್ನೀಟ್‌ನಲ್ಲಿ ಕಣ್ಣು ಪರೀಕ್ಷೆಗೆ ಕುಳಿತಿದ್ದೆ. ಡಾಕ್ಟರಮ್ಮ ಕಣ್ಣೆದುರು ಗಾಜು ಬದಲಿಸುತ್ತಾ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುತ್ತಿದ್ದರು. ಎದುರಿನ ಅಕ್ಷರಗಳ ಕೊನೆಯ ಸಾಲು ಪೂರ್ತಿ ಮಸುಕು. ಆದರೂ ಮರ್ಯಾದೆಯ ಪ್ರಶ್ನೆ ನೋಡಿ! ಅಂದಾಜಿನ ಮೇಲೆ ಏನೋ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಗಲೇ ಜಗನ್ನಾಥ ಅಂಕಲ್ ನೆನಪಾದರು.

ಎರಡು ಸಾವಿರದ ಆರೋ ಏಳೋ ಇರಬೇಕು. ಓದು ಮುಗಿಸಿ, ಈ ದೇಶದಲ್ಲಿ ಕಾಯಂ ನೆಲೆಸುವ ಪರವಾನಗಿಗೆ, ಅಂದರೆ ಪಿಆರ್‌ಗೆ ಕಾಯುತ್ತಾ ವಿಂಡಮ್ ವೇಲ್‌ನಲ್ಲಿ ಅವರ ಮನೆಯ ಹಿಂದಿನ ರೂಮಿನಲ್ಲಿ ರೆಂಟ್‌ಗಿದ್ದೆ. ಅಂಕಲ್ ಕಾರ್ಕಳದ ಕಡೆಯವರು, ಮನೆಮಾತು ತುಳು, ಉದ್ಯೋಗ ಇಂಜಿನಿಯರ್, ಹುಚ್ಚು ಬೇಟೆಯದು. ಬೆಂಗಳೂರಿನವನಾದ ನನಗೆ ಬಂದೂಕೆಂದರೆ ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ವಾಚ್‌ಮನ್ನಿನ ಹೆಗಲ ಮೇಲಿನ ವಸ್ತು, ಅಷ್ಟೇ. ಇಲ್ಲಿನ ಬೆಟ್ಟಗಳಲ್ಲಿ ನಮ್ಮೂರಿನ ಕಡವೆಯೇ ಇದೆಯೆಂದಾಗ ನಾನು ನಂಬಲಿಲ್ಲ.

"ಯಾರೋ ಹಡಗಲ್ಲಿ ತಂದು ಬಿಟ್ಟದ್ದು ಮಾರಾಯ. ಅದಕ್ಕೆ ಪಿಆರ್ ಸಿಕ್ಕಿ ಎಷ್ಟೋ ತಲೆಮಾರಾಯ್ತು. ನೀನು ಇನ್ನೂ ಕಾಯ್ತಾ ಇದ್ದಿ."

ಅವರದೊಂದು ನೇಮವಿತ್ತು. ಹೊಡೆದರೆ ಒಂದೇ ಗುಂಡಿಗೆ ಬೀಳಬೇಕು. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟು ಬಂದವನಿಗೆ ಅನ್ನ ದಕ್ಕುವುದಿಲ್ಲ ಎನ್ನುತ್ತಿದ್ದರು. ಆ ವರ್ಷ ಮೊಣಕಾಲು ಕೈಕೊಟ್ಟಿತ್ತು. ಬೆಟ್ಟ ಹತ್ತಲಾಗದು, ಕಣಿವೆಯ ಈಚೆಯಿಂದಲೇ ಆಚೆಗೆ ಹೊಡೆಯಬೇಕು. ಹಾಗಾಗಿ ರೈಫಲ್ ಮೇಲೆ ಕೂರಿಸಲು ಹೊಸ ದುರ್ಬೀನು ಬೇಕಾಯಿತು. ಇಲ್ಲವಾದರೆ ಬೇಟೆ ಅಲ್ಲಿಗೇ ಮುಗಿಯಿತು.

ಅಂಗಡಿಯವನು ಎರಡು ತೋರಿಸಿದ. ಒಂದರೊಳಗೆ ಗುರಿ ಹಿಡಿಯಲು ಅಡ್ಡಕ್ಕೊಂದು ಉದ್ದಕ್ಕೊಂದು ದಪ್ಪನೆಯ ಗೆರೆ, ಬೇರೇನೂ ಇಲ್ಲ. ಇನ್ನೊಂದರಲ್ಲಿ ಕೂದಲೆಳೆಯ ಗೆರೆಗಳು, ಅವುಗಳ ಕೆಳಗೆ ಸ್ಕೇಲಿನಲ್ಲಿರುವಂತೆ ಗೀಟುಗಳು. ದೂರ ಹೋದಷ್ಟೂ ಗುಂಡು ತಗ್ಗುತ್ತದಂತೆ. ಎಷ್ಟು ದೂರಕ್ಕೆ ಯಾವ ಗೀಟು ಎಂಬ ಲೆಕ್ಕ. ಇದೋ ಅದೋ ಎಂದು ಅವನು ಕೇಳಿದ. ಅಂಕಲ್ ಎರಡರಲ್ಲೂ ಬಹಳ ಹೊತ್ತು ರಸ್ತೆಯ ಕಡೆ ನೋಡಿ, ಗೀಟಿನದೇ ಸರಿ, ದಪ್ಪ ಗೆರೆ ಕಲಿಯುವವರಿಗೆ ಎಂದರು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಅಂಕಲ್ ಹೆಂಡತಿ ವಾರಿಜಾ ಆಂಟಿಯದು ಧಾರಾಳದ ಕೈ. ಕಾರು, ಮಿಕ್ಸಿ, ನನ್ನ ಲ್ಯಾಪ್‌ಟಾಪು, ರೈಫಲ್ಲು, ಎಲ್ಲಕ್ಕೂ ಗಂಧ ಕುಂಕುಮ. ನನ್ನ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಅದು ಸಂಕ್ರಾಂತಿಯವರೆಗೂ ಇತ್ತು.

ಮುಂದಿನ ವಾರ ನನ್ನನ್ನೂ ಕರೆದುಕೊಂಡು ಹೋದರು. ಸಂಜೆಯ ಹೊತ್ತಿಗೆ ಕಣಿವೆಯಾಚೆ ಗಂಡು ಕಡವೆಯೊಂದು ಬಂದು ಮೇಯತೊಡಗಿತು. ಅಂಕಲ್ ಬೋರಲು ಮಲಗಿ ಗುರಿ ಹಿಡಿದರು. ತಲೆ ಎತ್ತಿದರು. ಇವಳು ಗಾಜಿಗೂ ಕುಂಕುಮ ಮೆತ್ತಿದ್ದಾಳೆಂದು ಗೊಣಗಿ ಕರವಸ್ತ್ರದಿಂದ ಒರೆಸಿದರು. ಬಟ್ಟೆ ಕೆಂಪಾದದ್ದೂ ನಿಜ. ಮತ್ತೆ ನೋಡಿದರು, ಮತ್ತೆ ಒರೆಸಿದರು. ಬಟ್ಟೆಗೆ ಈಗ ಏನೂ ಹತ್ತಲಿಲ್ಲ. ಕೊನೆಗೆ ಗುಂಡು ತೆಗೆದು ರೈಫಲ್ ನನ್ನ ಕೈಗೆ ಕೊಟ್ಟರು.

"ಗೆರೆ ಕಾಣ್ತದಾ ನಿಂಗೆ?"

ಕಾಣದೆ ಏನು? ಒಂದೊಂದು ಗೀಟೂ ಕಾಣುತ್ತಿತ್ತು. ಕಡವೆ ನೊಣ ಓಡಿಸಲು ಕಿವಿ ಬಡಿಯುವುದೂ ಕಾಣುತ್ತಿತ್ತು. ಆದರೂ ರೈಫಲ್ ಕೆಳಗಿಳಿಸಿ, "ಸ್ವಲ್ಪ ಮಸುಕಿದೆ ಅಂಕಲ್," ಎಂದೆ.

"ಸುಳ್ಳು ಹೇಳ್ಬೇಡ ಮಾರಾಯ. ಅಂಗಡಿಯಲ್ಲೂ ಕಾಣ್ಲಿಲ್ಲ ನಂಗೆ. ಅವನ ಎದುರು ಹೇಳ್ಲಿಕ್ಕೆ ನಾಚಿಕೆ ಆಯ್ತು."

ಕಡವೆ ತನ್ನ ಪಾಡಿಗೆ ಮೇಯುತ್ತಲೇ ಇತ್ತು. ಅದು ಮರಗಳೊಳಗೆ ಹೋಗುವವರೆಗೂ ಇಬ್ಬರೂ ನೋಡುತ್ತಾ ಕುಳಿತೆವು. ಅವರಿಗೆ ಎಷ್ಟು ಕಂಡಿತೋ ನಾನು ಕೇಳಲಿಲ್ಲ. ವಾಪಸು ಬರುವಾಗ, ದಪ್ಪ ಗೆರೆಯದನ್ನೇ ಬದಲಿಸಿ ತರೋಣವೆಂದೆ.

"ಗೆರೆ ದಪ್ಪದ್ದು ಸಿಗ್ತದೆ. ಕಡವೆಯನ್ನು ದಪ್ಪ ಮಾಡ್ಲಿಕ್ಕೆ ಆಗ್ತದಾ?" ಎಂದು ನಕ್ಕರು. ಆಮೇಲೆ ಅವರು ಬೇಟೆಗೆ ಹೋಗಲಿಲ್ಲ. ಮನೆಯಲ್ಲಿ ಆಂಟಿ ಏನಾಯಿತೆಂದು ಕೇಳಿದಾಗ, ಈ ಸಲ ಕುಂಕುಮ ಚೆಂದ ಹಚ್ಚಿದ್ದಿ ಎಂದಷ್ಟೇ ಹೇಳಿದರು. ಆಂಟಿಗೆ ಖುಷಿಯೋ ಖುಷಿ.

ಡಾಕ್ಟರಮ್ಮ ಕಾಯುತ್ತಿದ್ದರು. ನಾನು ಮಡಿಲಲ್ಲಿದ್ದ ನನ್ನ ಹಳೆಯ ಕನ್ನಡಕವನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ಒರೆಸಿದೆ. ಗಾಜು ಶುಭ್ರವಾಗಿಯೇ ಇತ್ತು.

"ಕಾಣುತ್ತಿಲ್ಲ," ಎಂದೆ.